ಸೀತಾಳೆ ಬದನಿಕೆಯಲ್ಲ

ಮಲೆನಾಡಿನ ಮನೆಯಂಗಳದಲ್ಲಿರುವ ಹಳೆಯ ಮಾವಿನ ಮರವೊಂದನ್ನು ಕತ್ತೆತ್ತಿ ನೋಡಿ. ಕಾಂಡ ಕವಲೊಡೆಯುವ ಕಡೆ, ಪಾಚಿ ಕಟ್ಟಿದ ತೊಗಟೆಯ ಮೇಲೆ, ಬೆರಳಿಗಿಂತ ತೆಳ್ಳಗಿನ ಹತ್ತಾರು ಕಡ್ಡಿಗಳು ಗುಂಪಾಗಿ ನಿಂತಿರುವುದು ಕಾಣಬಹುದು. ಮಳೆಗಾಲದಲ್ಲಿ ಅವುಗಳ ತುಂಬ ಹಸಿರು ಎಲೆಗಳಿರುತ್ತವೆ. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಎಲೆಗಳೆಲ್ಲ ಉದುರಿ ಬರಿಯ ಒಣಕಡ್ಡಿಗಳು ಉಳಿಯುತ್ತವೆ. "ಮರಕ್ಕೆ ಬದನಿಕೆ ಹತ್ತಿದೆ, ಕೆತ್ತಿ ಹಾಕಬೇಕು" ಎಂದು ಮನೆಯವರು ಹೇಳುವುದುಂಟು. ಆದರೆ ಸ್ವಲ್ಪ ದಿನ ಕಾದು ನೋಡಿದರೆ, ಸತ್ತೇಹೋಯಿತೆಂದು ತಿಳಿದಿದ್ದ ಅದೇ ಕಡ್ಡಿಗಳ ತುದಿಯಲ್ಲಿ ಬಿಳಿಯ ಹೂಗೊಂಚಲುಗಳು ಅರಳುತ್ತವೆ.

ಈ ಗಿಡ ಸೀತಾಳೆಯ ಜಾತಿಗೆ ಸೇರಿದ್ದು. ಆರ್ಕಿಡ್ ಎಂಬ ಹೆಸರಿನಿಂದ ಇವು ಲೋಕಪ್ರಸಿದ್ಧವಾಗಿವೆ. ನಾವು ಇಲ್ಲಿ ನೋಡಹೊರಟಿರುವ ಸೀತಾಳೆಗೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು ಡೆಂಡ್ರೋಬಿಯಮ್ ಓವೇಟಮ್. ಪಶ್ಚಿಮ ಘಟ್ಟದ ಸೀಮೆಯಲ್ಲಿ, ಅಂದರೆ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಮೊದಲಾದ ಜಿಲ್ಲೆಗಳಲ್ಲಿಯೂ ನೆರೆಯ ಗೋವಾ, ಮಹಾರಾಷ್ಟ್ರ, ಕೇರಳಗಳಲ್ಲಿಯೂ ಇದು ಬೆಳೆಯುತ್ತದೆ. ಕಿರುತೆರೆಯ ಮೇಲೆ ಇದರ ಹೂವನ್ನು ತೋರಿಸಿದಾಗ ಅದು ಅಂಗೈಯಗಲ ಕಂಡೀತು. ನಿಜವಾದ ಹೂವಿನ ಅಗಲ ಸುಮಾರು 2 ಸೆಂಟಿಮೀಟರು ಮಾತ್ರ.

ಇಂಥ ಪುಟ್ಟ ಗಿಡ ಮರದ ಮೇಲೆ ಏನು ಮಾಡುತ್ತದೆ? ಮರದ ರಸವನ್ನು ಹೀರುತ್ತದೆಯೆ? ಹೀರುವುದಿಲ್ಲವಾದರೆ ಮಣ್ಣಿನ ಸಂಪರ್ಕವೇ ಇಲ್ಲದೆ ಹೇಗೆ ಬದುಕುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ತಿಳಿದರೆ ಕತ್ತಿಯಿಂದ ಕೆತ್ತಿ ಹಾಕಬೇಕೆ ಬೇಡವೆ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಹೆಸರಿನ ಹಿಂದಿನ ಕಥೆ

ಈ ಗಿಡದ ಚಿತ್ರ ಪುಸ್ತಕದಲ್ಲಿ ಅಚ್ಚಾಗಿ ಮುನ್ನೂರು ವರ್ಷಗಳೇ ಕಳೆದಿವೆ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬಾತ ಮಲಬಾರಿನ ಸಸ್ಯಗಳನ್ನು ಕುರಿತು 'ಹೋರ್ಟಸ್ ಮಲಬಾರಿಕಸ್' ಎಂಬ ಬೃಹತ್ ಗ್ರಂಥವನ್ನು ಸಿದ್ಧಪಡಿಸಿದ. ಅದರ 12 ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದವು. ಈ ಕೆಲಸದಲ್ಲಿ ಅವನಿಗೆ ನೆರವಾದವರು ನಮ್ಮ ಕರಾವಳಿಯ ಜನರೇ. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಗಿಡಗಳ ಹೆಸರು, ಗುಣ, ಉಪಯೋಗಗಳನ್ನು ಹೇಳಿಕೊಟ್ಟರು. ಆ ಮೂವರು ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲನೆಯ ಸಂಪುಟದಲ್ಲಿ ಅಚ್ಚಾಗಿದೆ.

ಕೊನೆಯ ಸಂಪುಟದಲ್ಲಿ ನಮ್ಮ ಸೀತಾಳೆಗೆ 'ಅನಂತಾಳಿ ಮರವರ' ಎಂಬ ಹೆಸರಿದೆ. 'ಮರವರ' ಎಂದರೇನು? ಮಲಯಾಳದ 'ಮರವಾಳ' ಎಂಬ ಮಾತು ಡಚ್ಚರ ಬರವಣಿಗೆಯಲ್ಲಿ ಹೀಗಾಗಿದೆ. ಮಲಯಾಳದ 'ವಾಳ' ನಮ್ಮ 'ಬಾಳೆ'. ಆದ್ದರಿಂದ ಇದು ಕನ್ನಡದಲ್ಲಿ 'ಮರಬಾಳೆ'. ಮರದ ಮೇಲಿನ ಬಾಳೆ ಎಂದು ಕರೆದವರು ಇದನ್ನು ಬದನಿಕೆಗಿಂತ ಬೇರೆಯಾದ ಗಿಡವೆಂದು ಗುರುತಿಸಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಸ್ವೀಡನ್ನಿನ ಲಿನೀಯಸ್ 1753ರಲ್ಲಿ ತನ್ನ ಪ್ರಸಿದ್ಧ ಸಸ್ಯಗ್ರಂಥದಲ್ಲಿ ಇದಕ್ಕೆ ಎಪಿಡೆಂಡ್ರಮ್ ಓವೇಟಮ್ ಎಂದು ಹೆಸರಿಟ್ಟ. ಅವನಿಗೆ ಆಧಾರವಾದದ್ದು ರೀಡ್‌ನ ಗ್ರಂಥದ ಚಿತ್ರ ಮತ್ತು ವಿವರಣೆ. ಎಪಿಡೆಂಡ್ರಮ್ ಎಂಬ ಗ್ರೀಕ್ ಮೂಲದ ಮಾತಿಗೆ 'ಮರದ ಮೇಲಿನದು' ಎಂದರ್ಥ. ಅವನದೇ ನಾಡಿನ ಓಲೋಫ್ ಸ್ವಾರ್ಟ್ಸ್ 1799ರಲ್ಲಿ ಡೆಂಡ್ರೋಬಿಯಮ್ ಎಂಬ ಕುಲವನ್ನು ಸ್ಥಾಪಿಸಿದ. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಎಂದರೆ ಮರ, ಬಯೋಸ್ ಎಂದರೆ ಬದುಕು. 1910ರಲ್ಲಿ ಕ್ರೆನ್ಸ್‌ಲಿನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ನಮ್ಮ ಗಿಡವನ್ನು ಈ ಕುಲಕ್ಕೆ ಸೇರಿಸಿದ. ಮರದ ಮೇಲೆ ಬದುಕುವುದು ಬೇರೆ, ಮರವನ್ನು ತಿಂದು ಬದುಕುವುದು ಬೇರೆ. ಡೆಂಡ್ರೋಬಿಯಮ್ ಮೊದಲನೆಯ ಬಗೆಯದು.

ಬದನಿಕೆ ಯಾವುದು, ಅಧಿಸಸ್ಯ ಯಾವುದು?

ನಿಜವಾದ ಬದನಿಕೆಯನ್ನು ನೀವು ನೋಡಿಯೇ ಇರುತ್ತೀರಿ. ಮಾವು, ಸಪೋಟ ಮೊದಲಾದ ಮರಗಳ ಕೊಂಬೆಯಿಂದ ಬೇರೆಯದೇ ಬಣ್ಣದ ದಪ್ಪ ಎಲೆಗಳ ಪೊದೆಯೊಂದು ಹೊರಟಿರುತ್ತದೆ. ಕೊಳವೆಯಾಕಾರದ ಹೂಗಳು, ಅಂಟುತಿರುಳಿನ ಸಣ್ಣ ಹಣ್ಣುಗಳು ಅದಕ್ಕಿರುತ್ತವೆ. ಬದನಿಕೆ ಹಕ್ಕಿ ಎಂದೇ ಹೆಸರಾದ ಪುಟ್ಟ ಹಕ್ಕಿ ಆ ಹಣ್ಣನ್ನು ತಿಂದು, ಅಂಟಿನ ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ಮೊಳೆತು ಅದರ ಹೀರುಬೇರು ತೊಗಟೆಯನ್ನು ಸೀಳಿಕೊಂಡು ಒಳಗಿನ ಮರಕ್ಕೇ ಇಳಿಯುತ್ತದೆ. ಅಲ್ಲಿಂದ ಮರದ ನೀರನ್ನೂ ಲವಣಗಳನ್ನೂ ಕದಿಯುತ್ತದೆ. ತನ್ನ ಹಸಿರೆಲೆಗಳಿಂದ ಆಹಾರವನ್ನು ತಾನೇ ತಯಾರಿಸಿಕೊಳ್ಳುವುದರಿಂದ ಇದನ್ನು ಅರೆ ಪರಾವಲಂಬಿ ಎನ್ನುತ್ತಾರೆ. ಬದನಿಕೆ ಬಲಿತಷ್ಟೂ ಅದಕ್ಕಿಂತ ಮುಂದಿನ ಕೊಂಬೆ ಬಡವಾಗುತ್ತದೆ.

ಸೀತಾಳೆಯ ಬೇರನ್ನು ನೋಡಿ. ಅದು ತೊಗಟೆಯನ್ನು ಅಪ್ಪಿಕೊಂಡು ಮೇಲೆಮೇಲೆಯೇ ಹರಿದಿರುತ್ತದೆ. ಕೆಲವು ಬೇರುಗಳು ಗಾಳಿಯಲ್ಲಿಯೇ ತೂಗಾಡುತ್ತವೆ. ಮರದೊಳಕ್ಕೆ ಇಳಿಯುವ ಹೀರುಬೇರು ಒಂದೂ ಇಲ್ಲ. ಹೀಗೆ ಇನ್ನೊಂದು ಗಿಡದ ಮೇಲೆ ನೆಲೆಸಿದ್ದರೂ ಅದರಿಂದ ಆಹಾರವನ್ನಾಗಲಿ ರಸವನ್ನಾಗಲಿ ಪಡೆಯದ ಸಸ್ಯಗಳನ್ನು ಅಧಿಸಸ್ಯಗಳು ಎಂದು ಕರೆಯುತ್ತಾರೆ. ಮರದ ಮೇಲಿನ ಅನೇಕ ಜರೀಗಿಡಗಳೂ ಪಾಚಿಗಳೂ ಇದೇ ಬಗೆಯವು.

ಇದಕ್ಕೆ ಇನ್ನೂ ಬಲವಾದ ಸಾಕ್ಷಿಯೊಂದಿದೆ. ನಮ್ಮ ಘಟ್ಟದ ಹಲವು ಸೀತಾಳೆಗಳು ಮರದ ಮೇಲೆ ಬೆಳೆಯುವಂತೆಯೇ ಬಂಡೆಯ ಮೇಲೂ ಬೆಳೆಯುತ್ತವೆ. ಡೆಂಡ್ರೋಬಿಯಮ್ ಹೆಚ್ಚಾಗಿ ಮರದ ಮೇಲೆ ಕಾಣಸಿಗುವುದಾದರೂ ಒಮ್ಮೊಮ್ಮೆ ಕಲ್ಲಿನ ಮೇಲೂ ನೆಲೆಸುತ್ತದೆ. ಫೋಲಿಡೋಟಾ ಎಂಬ ಇನ್ನೊಂದು ಸೀತಾಳೆಯಂತೂ ಮರದ ಮೇಲೂ ಬಂಡೆಯ ಮೇಲೂ ಧಾರಾಳವಾಗಿ ಹಬ್ಬುತ್ತದೆ. ಬಂಡೆಯೊಳಗೆ ಹೀರಲು ರಸವೆಲ್ಲಿದೆ? ಕಲ್ಲಿನ ಮೇಲೆ ಬದುಕಬಲ್ಲ ಗಿಡ ಮರದ ರಸವನ್ನು ನಂಬಿಕೊಂಡಿರಲಾರದು. ಅದಕ್ಕೆ ಬೇಕಾದದ್ದು ಕಾಲೂರಲು ಒಂದು ಜಾಗ, ಬೆಳಕು, ಗಾಳಿ ಮತ್ತು ಆಗಾಗ ತೇವ.

ಹಾಗಾದರೆ ಅಧಿಸಸ್ಯದಿಂದ ಮರಕ್ಕೆ ತೊಂದರೆಯೇ ಇಲ್ಲವೆ ಎಂದು ನೀವು ಕೇಳಬಹುದು. ಬಹಳ ವರ್ಷಗಳಿಂದ ದಟ್ಟವಾಗಿ ಬೆಳೆದ ಗುಂಪು ಮಳೆಯಲ್ಲಿ ನೆನೆದು ಭಾರವಾದಾಗ ಟೊಳ್ಳು ಕೊಂಬೆಯೊಂದು ಮುರಿಯಬಹುದು. ಅದನ್ನು ಹೊರೆಯೆನ್ನಬಹುದೇ ಹೊರತು ಕಳ್ಳತನವೆನ್ನಲಾಗದು.

ಮಣ್ಣಿಲ್ಲದೆ ನೀರು ಹೇಗೆ?

ಕಾಡಿನ ನೆಲದಲ್ಲಿ ಬೆಳಕು ಕಡಮೆ. ಮರದ ಮೇಲೇರಿದ ಗಿಡಕ್ಕೆ ಬೆಳಕು ಸಿಗುತ್ತದೆ, ಆದರೆ ಮಣ್ಣು ಸಿಗುವುದಿಲ್ಲ. ಮಳೆ ನಿಂತ ಅರ್ಧ ಗಂಟೆಯಲ್ಲಿ ತೊಗಟೆ ಒಣಗತೊಡಗುತ್ತದೆ. ಆದ್ದರಿಂದ ಮಲೆನಾಡಿನಲ್ಲಿ ಧಾರಾಕಾರ ಮಳೆ ಸುರಿದರೂ ಮರವಾಸಿ ಗಿಡದ ಪಾಲಿಗೆ ಅದು ಒಂದು ಬಗೆಯ ಮರುಭೂಮಿಯೇ. ಬಂದ ನೀರನ್ನು ಬೇಗ ಹಿಡಿಯಬೇಕು, ಹಿಡಿದದ್ದನ್ನು ನಿಧಾನವಾಗಿ ಖರ್ಚು ಮಾಡಬೇಕು. ಈ ಎರಡೂ ಕೆಲಸಗಳಿಗೆ ಸೀತಾಳೆಯ ಶರೀರದಲ್ಲಿ ಏರ್ಪಾಡುಗಳಿವೆ.

ಮೊದಲನೆಯದು ಬೇರು. ಬೇಸಿಗೆಯಲ್ಲಿ ಸೀತಾಳೆಯ ಬೇರು ಬೆಳ್ಳಿಯ ದಾರದಂತೆ ಬೆಳ್ಳಗೆ ಕಾಣುತ್ತದೆ. ಅದರ ಮೇಲೆ ನಾಲ್ಕು ಹನಿ ನೀರು ಹಾಕಿ. ನೋಡನೋಡುತ್ತಿದ್ದಂತೆ ಆ ಭಾಗ ಹಸಿರಾಗುತ್ತದೆ. ಇದಕ್ಕೆ ಕಾರಣ ಬೇರಿನ ಹೊರಮೈಯಲ್ಲಿರುವ ವೆಲಮೆನ್ ಎಂಬ ಹೊದಿಕೆ. ಇದು ಸತ್ತ ಜೀವಕೋಶಗಳಿಂದಾದ ಪದರ. ಕೋಶಗಳು ಖಾಲಿಯಾಗಿ ಗಾಳಿ ತುಂಬಿಕೊಂಡಿದ್ದಾಗ ಬೆಳಕನ್ನು ಚದರಿಸುವುದರಿಂದ ಬಿಳುಪಾಗಿ ಕಾಣುತ್ತವೆ. ನೀರು ತಾಗಿದೊಡನೆ ಸ್ಪಂಜಿನಂತೆ ಹೀರಿಕೊಂಡು ಪಾರದರ್ಶಕವಾಗುತ್ತವೆ. ಆಗ ಒಳಗಿನ ಪತ್ರಹರಿತ್ತು ಹೊರಗೆ ಕಾಣುತ್ತದೆ. ಅಂದರೆ ಈ ಬೇರು ನೀರು ಹೀರುವುದಲ್ಲದೆ ಎಲೆಯಂತೆ ಬೆಳಕಿನಿಂದ ಆಹಾರವನ್ನೂ ತಯಾರಿಸಬಲ್ಲದು. ನೀರನ್ನು ಹೀರಲು ವೆಲಮೆನ್‌ಗೆ ಕೆಲವು ಕ್ಷಣಗಳು ಸಾಕು. ಆ ನೀರು ಆರಿಹೋಗಲು ಮಾತ್ರ ಗಂಟೆಗಳೇ ಹಿಡಿಯುತ್ತವೆ.

ನೀರಿನ ಜೊತೆಗೆ ಲವಣಗಳೂ ಬೇಕಲ್ಲವೆ? ಮಳೆ ಆರಂಭವಾದಾಗ ಮೊದಲ ನೀರು ಎಲೆಗಳ ಮೇಲಿನ ಧೂಳು, ಹಕ್ಕಿಗಳ ಹಿಕ್ಕೆ, ಕೊಳೆತ ತರಗು ಎಲ್ಲವನ್ನೂ ತೊಳೆದುಕೊಂಡು ಕಾಂಡದ ಮೇಲೆ ಹರಿದುಬರುತ್ತದೆ. ಬೇರುಗಳ ಹೆಣಿಗೆಯಲ್ಲಿ ಸಿಕ್ಕಿಬಿದ್ದ ತರಗೆಲೆಯೂ ನಿಧಾನವಾಗಿ ಗೊಬ್ಬರವಾಗುತ್ತದೆ. ಸೀತಾಳೆ ಮರದ ಒಳಗಿನ ರಸವನ್ನು ಮುಟ್ಟದೆ, ಮರದ ಹೊರಮೈ ತೊಳೆದ ನೀರಿನಲ್ಲಿ ಸಂಸಾರ ಸಾಗಿಸುತ್ತದೆ.

ಎರಡನೆಯದು, ನಾವು ಒಣಕಡ್ಡಿ ಎಂದ ಕಾಂಡ. ಹೆಚ್ಚಾಗಿ ಒಂದು ಗೇಣಿನ ಆಸುಪಾಸು ಉದ್ದವಿದ್ದು ನಡುವೆ ಉಬ್ಬಿರುವ ಈ ಕಾಂಡಗಳನ್ನು ಹುಸಿಗೆಡ್ಡೆಗಳು ಎನ್ನುತ್ತಾರೆ. ಗೆಡ್ಡೆಯಂತೆ ಸಂಗ್ರಹದ ಕೆಲಸ ಮಾಡಿದರೂ ನೆಲದೊಳಗಿಲ್ಲದ ಕಾರಣ ಈ ಹೆಸರು. ರೈತ ಸುಗ್ಗಿಯ ಕಾಲದಲ್ಲಿ ಕಣಜ ತುಂಬಿಸಿಕೊಳ್ಳುವಂತೆ ಈ ಗಿಡ ಮಳೆಗಾಲದಲ್ಲಿ ನೀರನ್ನೂ ಪಿಷ್ಟವನ್ನೂ ಕಾಂಡದಲ್ಲಿ ತುಂಬಿಸಿಕೊಳ್ಳುತ್ತದೆ. ಮಳೆ ನಿಂತ ಮೇಲೆ ಎಲೆಗಳಿದ್ದರೆ ಅವುಗಳ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಆದ್ದರಿಂದ ಗಿಡ ಎಲೆಗಳನ್ನು ಉದುರಿಸಿಬಿಡುತ್ತದೆ. ಅನೇಕ ಮರವಾಸಿ ಸೀತಾಳೆಗಳಲ್ಲಿ ನೀರುಳಿಸುವ ಇನ್ನೊಂದು ಉಪಾಯವೂ ಇದೆ. ಅವು ಹಗಲಿನಲ್ಲಿ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಮರುದಿನ ಬಿಸಿಲಿನಲ್ಲಿ ಅದನ್ನು ಬಳಸಿಕೊಳ್ಳುತ್ತವೆ. ಪಾಪಸುಕಳ್ಳಿಯ ಉಪಾಯವೂ ಇದೇ.

ಎಲೆಯುದುರಿದ ಕಡ್ಡಿ ಸತ್ತ ಕಡ್ಡಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದು ತುಂಬಿದ ಕಣಜ. ಚಳಿಗಾಲದಲ್ಲಿ ಹೂವರಳಿಸಲು ಬೇಕಾದ ಬಂಡವಾಳ ಅಲ್ಲಿಂದಲೇ ಬರುತ್ತದೆ.

ಹೂವಿನ ರಚನೆ

ಸೀತಾಳೆಯ ಹೂವಿನಲ್ಲಿ ಹೊರಗಡೆ ಮೂರು ಪುಷ್ಪಪತ್ರಗಳು, ಒಳಗಡೆ ಮೂರು ದಳಗಳು ಇರುತ್ತವೆ. ಒಳಗಿನ ಮೂರರಲ್ಲಿ ಒಂದು ಉಳಿದೆರಡಕ್ಕಿಂತ ಬೇರೆಯಾಗಿರುತ್ತದೆ. ಇದಕ್ಕೆ ತುಟಿದಳ ಎಂದು ಹೆಸರು. ಹಾರಿಬರುವ ಕೀಟ ಬಂದು ಕೂರುವ ಜಗಲಿಯೇ ಇದು. ಮೊಗ್ಗಿನಲ್ಲಿ ಈ ದಳ ಮೇಲ್ಗಡೆ ಇರುತ್ತದೆ. ಅರಳುವ ಹೊತ್ತಿಗೆ ಹೂವಿನ ತೊಟ್ಟು ಅರ್ಧ ಸುತ್ತು ತಿರುಚಿಕೊಂಡು ತುಟಿದಳ ಕೆಳಕ್ಕೆ ಬರುತ್ತದೆ. ಡೆಂಡ್ರೋಬಿಯಮ್ ಓವೇಟಮ್‌ನಲ್ಲಿ ಉಳಿದ ದಳಗಳು ಬಿಳಿ ಅಥವಾ ಕೆನೆಬಣ್ಣವಾಗಿದ್ದು, ತುಟಿಯಲ್ಲಿ ಹಳದಿ ಹಸಿರಿನ ಛಾಯೆ ಇರುತ್ತದೆ.

ಇತರ ಹೂಗಳಲ್ಲಿ ಕೇಸರಗಳೂ ಶಲಾಕೆಯೂ ಬೇರೆಬೇರೆಯಾಗಿರುವುದನ್ನು ನೀವು ದಾಸವಾಳದ ಹೂವನ್ನು ಬಿಡಿಸಿ ನೋಡಿ ಕಲಿತಿದ್ದೀರಿ. ಸೀತಾಳೆಯಲ್ಲಿ ಗಂಡು ಹೆಣ್ಣು ಭಾಗಗಳು ಸೇರಿಕೊಂಡು ಒಂದೇ ಕಂಬವಾಗಿವೆ. ಪರಾಗವೂ ಹುಡಿಯಾಗಿ ಉದುರುವುದಿಲ್ಲ. ಮೇಣದಂಥ ಸಣ್ಣ ಉಂಡೆಗಳಾಗಿರುತ್ತದೆ. ಡೆಂಡ್ರೋಬಿಯಮ್‌ನಲ್ಲಿ ಇಂಥ ಪರಾಗಪಿಂಡಗಳು ನಾಲ್ಕು. ಹೂವಿನೊಳಗೆ ಹೊಕ್ಕ ಕೀಟ ಹಿಂದಕ್ಕೆ ಬರುವಾಗ ಅಂಟು ತಾಗಿ ಪರಾಗಪಿಂಡಗಳು ಅದರ ಬೆನ್ನಿಗೆ ಹತ್ತಿಕೊಳ್ಳುತ್ತವೆ. ಮುಂದಿನ ಹೂವಿಗೆ ಹೋದಾಗ ಅವು ಅಲ್ಲಿ ಅಂಟಿಕೊಳ್ಳುತ್ತವೆ. ಚಾರ್ಲ್ಸ್ ಡಾರ್ವಿನ್ ಈ ವ್ಯವಸ್ಥೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1862ರಲ್ಲಿ ಸೀತಾಳೆಗಳ ಪರಾಗಸ್ಪರ್ಶವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು.

ಪರಾಗವನ್ನೆಲ್ಲ ಒಂದೆರಡು ಉಂಡೆಗಳಲ್ಲಿ ಕಟ್ಟಿಟ್ಟರೆ ಲಾಭವೂ ಇದೆ, ಅಪಾಯವೂ ಇದೆ. ಕೀಟ ಬಾರದಿದ್ದರೆ ಎಲ್ಲವೂ ವ್ಯರ್ಥ. ಬಂದು ಸರಿಯಾದ ಹೂವಿಗೆ ಮುಟ್ಟಿಸಿದರೆ ಒಂದೇ ಭೇಟಿಯಲ್ಲಿ ಸಾವಿರಾರು ಬೀಜಗಳಿಗೆ ಸಾಕಾಗುವಷ್ಟು ಪರಾಗ ದೊರೆಯುತ್ತದೆ. ಹತ್ತಾರು ಹೂಗಳಿದ್ದ ಗೊಂಚಲಿನಲ್ಲಿ ಒಂದೋ ಎರಡೋ ಕಾಯಿ ಮಾತ್ರ ಕಂಡರೆ ಆಶ್ಚರ್ಯಪಡಬೇಕಿಲ್ಲ.

ಧೂಳಿನಂಥ ಬೀಜ

ಆ ಒಂದು ಕಾಯಿ ಒಣಗಿ ಬಿರಿದಾಗ ಒಳಗಿನಿಂದ ಹೊಗೆಯಂತೆ ಹಳದಿ ಬಿಳುಪಿನ ಧೂಳು ಹಾರುತ್ತದೆ. ಅದರ ಒಂದೊಂದು ಕಣವೂ ಒಂದು ಬೀಜ. ಸೀತಾಳೆಯ ಬೀಜಗಳು ಸಸ್ಯಲೋಕದಲ್ಲಿಯೇ ಅತಿ ಸಣ್ಣವು. ಸಾಮಾನ್ಯವಾಗಿ ಒಂದು ಗ್ರಾಂ ತೂಗಲು ಲಕ್ಷಗಟ್ಟಲೆ ಬೀಜಗಳು ಬೇಕು. ಹಗುರವಾಗಿರುವುದರಿಂದ ಗಾಳಿ ಅವನ್ನು ಮರದಿಂದ ಮರಕ್ಕೆ, ಬಂಡೆಯಿಂದ ಬಂಡೆಗೆ ಒಯ್ಯುತ್ತದೆ. ಎತ್ತರದ ಕೊಂಬೆಗೆ ಸೀತಾಳೆ ಹತ್ತುವ ದಾರಿ ಇದೇ.

ಡಾರ್ವಿನ್ ತಮ್ಮ ನಾಡಿನ ಒಂದು ಸೀತಾಳೆಯ ಕಾಯಿಯಲ್ಲಿ ಸುಮಾರು 6,200 ಬೀಜಗಳನ್ನು ಲೆಕ್ಕಹಾಕಿದರು. ಅವೆಲ್ಲವೂ ಬೆಳೆದು ಹಾಗೆಯೇ ಬೀಜ ಬಿಡುತ್ತ ಹೋದರೆ ಕೆಲವೇ ತಲೆಮಾರುಗಳಲ್ಲಿ ಭೂಮಿಯ ನೆಲವೆಲ್ಲ ಸೀತಾಳೆಯಿಂದ ಮುಚ್ಚಿಹೋಗಬೇಕು ಎಂದು ಗಣಿತ ಮಾಡಿ ತೋರಿಸಿದರು. ಆದರೆ ಹಾಗೆ ಆಗಿಲ್ಲ. ಏಕೆ?

ಉತ್ತರ ಬೀಜದೊಳಗೇ ಇದೆ. ಹುರುಳಿ, ಭತ್ತ, ತೆಂಗು ಇವುಗಳ ಬೀಜದಲ್ಲಿ ಎಳೆಯ ಸಸಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಸೀತಾಳೆಯ ಬೀಜದಲ್ಲಿ ಬುತ್ತಿಯೇ ಇಲ್ಲ. ತೆಳ್ಳಗಿನ ಸಿಪ್ಪೆಯೊಳಗೆ ಕೆಲವು ಜೀವಕೋಶಗಳ ಒಂದು ಭ್ರೂಣ, ಅಷ್ಟೇ. ತಾನಾಗಿ ಬೇರು ಬಿಟ್ಟು ಎಲೆ ಬಿಡುವ ಶಕ್ತಿ ಅದಕ್ಕಿಲ್ಲ. ಅದು ಬಿದ್ದ ಜಾಗದಲ್ಲಿ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರ ಇರಬೇಕು. ಶಿಲೀಂಧ್ರದ ಎಳೆಗಳು ಬೀಜದೊಳಕ್ಕೆ ನುಗ್ಗಿ ಜೀವಕೋಶಗಳಲ್ಲಿ ಸುರುಳಿ ಸುತ್ತಿಕೊಳ್ಳುತ್ತವೆ. ಸೀತಾಳೆಯ ಭ್ರೂಣ ಆ ಸುರುಳಿಗಳನ್ನು ಜೀರ್ಣಿಸಿಕೊಂಡು, ಅವು ಕೊಳೆತ ತೊಗಟೆಯಿಂದಲೂ ತರಗಿನಿಂದಲೂ ತಂದ ಸಕ್ಕರೆಯನ್ನು ಪಡೆದು ಬೆಳೆಯುತ್ತದೆ. ಮೊದಲು ಒಂದು ಹಸಿರು ಗುಂಡಿನಂತಾಗಿ, ಆಮೇಲೆ ನಿಧಾನವಾಗಿ ಎಲೆ ಬೇರುಗಳನ್ನು ಬಿಡುತ್ತದೆ. ಈ ರಹಸ್ಯವನ್ನು 1899ರಲ್ಲಿ ಕಂಡುಹಿಡಿದವರು ನೋಯೆಲ್ ಬರ್ನಾರ್ ಎಂಬ ಫ್ರೆಂಚ್ ಯುವ ವಿಜ್ಞಾನಿ.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಮರದಿಂದ ಕದಿಯುತ್ತದೆಂದು ನಾವು ದೂರುವ ಸೀತಾಳೆ ಮರದಿಂದ ಏನನ್ನೂ ಕದಿಯುವುದಿಲ್ಲ. ಆದರೆ ಶೈಶವದಲ್ಲಿ ಅದು ಶಿಲೀಂಧ್ರದ ಅನ್ನವನ್ನು ಉಂಡು ಬದುಕುತ್ತದೆ. ಅದರ ನಿಜವಾದ ಋಣ ಕಣ್ಣಿಗೆ ಕಾಣದ ಆ ಜೀವಿಗೆ.

ಬೀಜ ಬಿದ್ದ ಜಾಗದಲ್ಲಿ ತೊಗಟೆ ಒರಟಾಗಿರಬೇಕು, ತೇವ ಇರಬೇಕು, ಅಳತೆಯ ಬೆಳಕು ಬೇಕು, ಸರಿಯಾದ ಶಿಲೀಂಧ್ರವೂ ಇರಬೇಕು. ಇವೆಲ್ಲ ಒಟ್ಟಿಗೆ ಕೂಡಿಬರುವುದು ಅಪರೂಪ. ಲಕ್ಷ ಬೀಜಗಳಲ್ಲಿ ಬೆರಳೆಣಿಕೆಯಷ್ಟೂ ಗಿಡವಾಗುವುದು ಕಷ್ಟ. ಗಿಡವಾದ ಮೇಲೂ ಮೊದಲ ಹೂವು ಕಾಣಲು ಕೆಲವು ವರ್ಷಗಳೇ ಬೇಕು. ನಿಮ್ಮ ಅಂಗಳದ ಮಾವಿನ ಮರದ ಮೇಲಿರುವ ಗುಂಪು ನಿಮಗಿಂತ ಹಿರಿಯದಾಗಿರಬಹುದು.

ಜಾಗ ಹೋದರೆ ಎಲ್ಲವೂ ಹೋದಂತೆ

ಇಲ್ಲಿಯವರೆಗೆ ನೋಡಿದ್ದನ್ನು ಕೂಡಿಸಿ ಹೇಳುವುದಾದರೆ, ಮರ ಸೀತಾಳೆಗೆ ಊಟ ಕೊಡುವುದಿಲ್ಲ, ಇರಲು ಜಾಗ ಕೊಡುತ್ತದೆ. ಆದ್ದರಿಂದಲೇ ಜಾಗ ಹೋದ ದಿನ ಸೀತಾಳೆಯ ಬದುಕು ಮುಗಿಯುತ್ತದೆ. ರಸ್ತೆ ಅಗಲಿಸಲು ಸಾಲುಮರವೊಂದನ್ನು ಕಡಿದಾಗ ನಾವು ಒಂದು ಮರ ಹೋಯಿತೆಂದು ಲೆಕ್ಕ ಬರೆಯುತ್ತೇವೆ. ಅದರ ಕೊಂಬೆಗಳ ಮೇಲಿದ್ದ ನೂರಾರು ಅಧಿಸಸ್ಯಗಳು ಲೆಕ್ಕಕ್ಕೆ ಬರುವುದಿಲ್ಲ. ಕಡಿದ ಮರದ ಬದಲು ಹತ್ತು ಸಸಿ ನೆಟ್ಟರೂ, ಅವುಗಳ ತೊಗಟೆ ಒರಟಾಗಿ, ಪಾಚಿ ಹತ್ತಿ, ಶಿಲೀಂಧ್ರ ನೆಲೆಗೊಂಡು ಸೀತಾಳೆಗೆ ಯೋಗ್ಯವಾಗಲು ದಶಕಗಳು ಬೇಕು. ಕಾಫಿ ತೋಟಗಳಲ್ಲಿ ನೆರಳಿಗಾಗಿ ಉಳಿಸಿದ ಹಳೆಯ ಕಾಡುಮರಗಳು ಸೀತಾಳೆಗಳಿಗೆ ಆಸರೆಯಾಗಿವೆ. ಅಲ್ಲಿ ನಾಡಮರಗಳನ್ನು ತೆಗೆದು ಬೇಗ ಬೆಳೆಯುವ, ನುಣುಪು ತೊಗಟೆಯ ಮರಗಳನ್ನು ಹಾಕಿದರೆ ಆ ಆಸರೆಯೂ ತಪ್ಪುತ್ತದೆ.

ಇನ್ನೊಂದು ಅಪಾಯ, ಕಿತ್ತು ಮಾರುವುದು. ಡೆಂಡ್ರೋಬಿಯಮ್‌ನ ಹತ್ತಿರದ ಸಂಬಂಧಿಯಾದ ಒಂದು ಮರವಾಸಿ ಸೀತಾಳೆಯನ್ನು 'ಜೀವಂತಿ' ಎಂಬ ಹೆಸರಿನಲ್ಲಿ ಔಷಧಿಗಾಗಿ ಘಟ್ಟದ ಕಾಡುಗಳಿಂದ ಮೂಟೆಗಟ್ಟಲೆ ಸಂಗ್ರಹಿಸುತ್ತಾರೆ. ಹೂವಿನ ಚೆಂದಕ್ಕೆ ಮನಸೋತು ಪ್ರವಾಸಿಗಳು ಕಿತ್ತೊಯ್ಯುವುದೂ ಉಂಟು. ಬಯಲುಸೀಮೆಯ ಪಟ್ಟಣದ ಮನೆಗೆ ತಂದು, ಕುಂಡದ ಮಣ್ಣಿನಲ್ಲಿ ಹೂತು, ದಿನವೂ ನೀರೆರೆದರೆ ಏನಾಗುತ್ತದೆ? ಗಾಳಿಗಾಗಿ ರೂಪುಗೊಂಡ ಬೇರು ಮಣ್ಣಿನ ಒದ್ದೆಯಲ್ಲಿ ಉಸಿರುಗಟ್ಟಿ ಕೊಳೆಯುತ್ತದೆ. ಹೂ ಮುಗಿದ ಮೇಲೆ ಒಣಕಡ್ಡಿ ಎಂದು ಎಸೆದುಬಿಡುತ್ತಾರೆ.

ಭಾರತೀಯ ಸಸ್ಯ ಸಮೀಕ್ಷಾ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಗಣತಿಯಂತೆ ನಮ್ಮ ದೇಶದಲ್ಲಿ 1,256 ಬಗೆಯ ಸೀತಾಳೆಗಳಿವೆ. ಅವುಗಳಲ್ಲಿ 757 ಮರವಾಸಿಗಳು. 388 ಬಗೆಗಳು ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಸೀತಾಳೆಯ ಕುಟುಂಬ ಪೂರ್ತಿಯಾಗಿ ಸೇರಿದೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ.

ಹಾಗೆಂದು ಸೀತಾಳೆಯನ್ನು ಮನೆಯಲ್ಲಿ ಬೆಳೆಸಬಾರದೆಂದಲ್ಲ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಸೀತಾಳೆಯ ಬೀಜವನ್ನು ಶಿಲೀಂಧ್ರದ ಸಹಾಯವಿಲ್ಲದೆ, ಸಕ್ಕರೆ ಬೆರೆಸಿದ ಅಗರಿನ ಮೇಲೆ ಗಾಜಿನ ಸೀಸೆಯಲ್ಲಿ ಮೊಳೆಯಿಸಿ ತೋರಿಸಿದರು. ಮುಂದೆ ಅಂಗಾಂಶ ಕೃಷಿಯೂ ಬಳಕೆಗೆ ಬಂತು. ಹೂವಿನ ಅಂಗಡಿಯಲ್ಲಿ ಕಾಣುವ ನೇರಳೆ ಡೆಂಡ್ರೋಬಿಯಮ್ ಹೂಗಳು ಹೀಗೆ ಬೆಳೆಸಿದ ಮಿಶ್ರತಳಿಗಳವು. ಸಿಕ್ಕಿಮಿನ ಪಾಕ್ಯೋಂಗಿನಲ್ಲಿ 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸೀತಾಳೆಗಳಿಗಾಗಿಯೇ ಇದೆ. ಬೆಳೆಸುವ ಆಸೆಯಿದ್ದವರು ಸಸ್ಯಕ್ಷೇತ್ರದಲ್ಲಿ ಬೆಳೆದ ಗಿಡವನ್ನು ಕೊಳ್ಳಬಹುದು. ಕಾಡಿನದನ್ನು ಕಾಡಿನಲ್ಲಿಯೇ ಬಿಡಬೇಕು.

ನೀವೇ ಮಾಡಿ ನೋಡಿ

ವಿದ್ಯಾರ್ಥಿಗಳು ಗಿಡಕ್ಕೆ ಯಾವ ನೋವನ್ನೂ ಮಾಡದೆ ಈ ಪಾಠವನ್ನು ಪರೀಕ್ಷಿಸಬಹುದು.

ಒಂದು: ನಿಮ್ಮ ಊರಿನ ಐದು ಹಳೆಯ ಮರಗಳನ್ನು ಆರಿಸಿಕೊಳ್ಳಿ. ಅವುಗಳ ಮೇಲೆ ಬೆಳೆದ ಗಿಡಗಳಲ್ಲಿ ಬದನಿಕೆ ಯಾವುದು, ಅಧಿಸಸ್ಯ ಯಾವುದು ಎಂದು ಗುರುತಿಸಿ ಪಟ್ಟಿ ಮಾಡಿ. ಬದನಿಕೆಯಾದರೆ ಅದು ಕೊಂಬೆಯನ್ನು ಸೇರುವ ಕಡೆ ಊದಿಕೊಂಡ ಗಂಟು ಕಾಣುತ್ತದೆ. ಸೀತಾಳೆಯಾದರೆ ತೊಗಟೆಯ ಮೇಲೆ ಹರಿದ ಬಿಳಿಯ ಬೇರುಗಳು ಕಾಣುತ್ತವೆ.

ಎರಡು: ಕೈಗೆಟಕುವ ಎತ್ತರದಲ್ಲಿ ಸೀತಾಳೆಯಿದ್ದರೆ ಒಣಬೇರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಎಷ್ಟು ಹೊತ್ತಿಗೆ ಹಸಿರಾಯಿತು, ಮತ್ತೆ ಬೆಳ್ಳಗಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿಡಿ.

ಮೂರು: ಒಂದೇ ಗಿಡವನ್ನು ಒಂದು ವರ್ಷ ಗಮನಿಸಿ. ಎಲೆ ಚಿಗುರಿದ್ದು, ಉದುರಿದ್ದು, ಮೊಗ್ಗು ಬಂದದ್ದು, ಎಷ್ಟು ಹೂಗಳಿಗೆ ಎಷ್ಟು ಕಾಯಿ ಕಟ್ಟಿತು ಎಂಬುದನ್ನು ತಿಂಗಳು ತಿಂಗಳೂ ಗುರುತು ಹಾಕಿಕೊಳ್ಳಿ. ಹಲವು ಊರುಗಳ ವಿದ್ಯಾರ್ಥಿಗಳ ಇಂಥ ಟಿಪ್ಪಣಿಗಳನ್ನು ಒಟ್ಟುಗೂಡಿಸಿದರೆ ಅದು ವಿಜ್ಞಾನಕ್ಕೆ ನಿಜವಾಗಿಯೂ ಉಪಯುಕ್ತ.

ನಾಲ್ಕು: ಮಳೆಗಾಲದ ಗಾಳಿಗೆ ಮುರಿದು ನಿಮ್ಮ ಅಂಗಳದಲ್ಲೋ ತೋಟದಲ್ಲೋ ಬಿದ್ದ ಕೊಂಬೆಯ ಮೇಲೆ ಸೀತಾಳೆಯಿದ್ದರೆ ಅದನ್ನು ನೆಲದಲ್ಲಿ ಬಿಡಬೇಡಿ, ಅಲ್ಲಿ ಅದು ಕೊಳೆಯುತ್ತದೆ. ಒರಟು ತೊಗಟೆಯ ಮರವೊಂದರ ಕವಲಿಗೆ, ಅರೆನೆರಳಿನಲ್ಲಿ, ಬಾಳೆನಾರಿನಿಂದ ಕಟ್ಟಿ. ನಾರು ಕೊಳೆತು ಉದುರುವ ಹೊತ್ತಿಗೆ ಹೊಸ ಬೇರು ತೊಗಟೆಯನ್ನು ಹಿಡಿದಿರುತ್ತದೆ.

ಐದನೆಯದು ಎಲ್ಲಕ್ಕಿಂತ ಸುಲಭ. ಯಾರಾದರೂ ಸೀತಾಳೆಯನ್ನು ಬದನಿಕೆಯೆಂದು ಕೆತ್ತಲು ಹೊರಟರೆ ಸ್ವಲ್ಪ ತಡೆಯಲು ಹೇಳಿ. ಬಂಡೆಯ ಮೇಲೂ ಇದೇ ಬಗೆಯ ಗಿಡ ಬೆಳೆಯುವುದನ್ನು ತೋರಿಸಿ, ಕಲ್ಲಿನಿಂದ ಇದು ಏನನ್ನು ಹೀರೀತು ಎಂದು ಕೇಳಿ. ಅವರು ಒಪ್ಪದಿದ್ದರೆ ಚಳಿಗಾಲದವರೆಗೆ ಬಿಡಿರೆಂದು ಕೇಳಿಕೊಳ್ಳಿ. ಹೂವರಳಿದ ಮೇಲೆ ನೀವು ಮತ್ತೆ ಹೇಳಬೇಕಾಗಿ ಬರುವುದಿಲ್ಲ.